ಮೈಮೇಲಿನ ಸೆನ್ಸರ್ ಜಾಲ: ಕಟ್ಟಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ತೊಡುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಕಟ್ಟಲು ಹೊರಟ ವಿದ್ಯಾರ್ಥಿಗಳು, ಈ ಕೆಲಸಕ್ಕೆ ಹೊಸದಾಗಿ ಬಂದ ಎಂಜಿನಿಯರುಗಳು ಮತ್ತು ಆಗೊಮ್ಮೆ ಈಗೊಮ್ಮೆ ವೈದ್ಯ ಮಿತ್ರರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಉತ್ತರಗಳ ನಡುವೆ ಬರುವ ಅಡಿಕೆ ತೋಟದ ಪ್ರಸಂಗ ನಮ್ಮದೇ. ಕೊನೆ (ಅಡಿಕೆ ಗೊನೆ) ಕೊಯ್ಯುವವರ ದೇಹ ಮರ ಹತ್ತುವಾಗ ಎಷ್ಟು ದಣಿಯುತ್ತದೆ ಎಂಬುದನ್ನು ಅಳೆಯಲು ಮಲೆನಾಡಿನ ಒಂದು ತೋಟದಲ್ಲಿ ಸಣ್ಣದೊಂದು ಸೆನ್ಸರ್ ಜಾಲ ಕಟ್ಟಿದ್ದೆವು. ಮೇಜಿನ ಮೇಲೆ ವಾರಗಟ್ಟಲೆ ಸರಿಯಾಗಿ ನಡೆದಿದ್ದ ಅದು ಮೊದಲ ಮರದ ಅರ್ಧಕ್ಕೇ ಕೈಕೊಟ್ಟಿತು.

ಮೈಮೇಲಿನ ಸೆನ್ಸರ್ ಜಾಲ ಎಂದರೆ ಏನು? ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಕೂಡ ಅದೇ ಅಲ್ಲವೇ?

ಸ್ಮಾರ್ಟ್‌ವಾಚ್ ಒಂದೇ ಜಾಗದಲ್ಲಿ ಕುಳಿತು ಅಳೆಯುವ ಸಾಧನ. ದೇಹದ ಬೇರೆ ಬೇರೆ ಭಾಗಗಳಲ್ಲಿ ಸೆನ್ಸರ್, ರೇಡಿಯೊ ಮತ್ತು ಬ್ಯಾಟರಿ ಸೇರಿದ ಪುಟ್ಟ ಸಾಧನಗಳು, ಅಂದರೆ ಎರಡು ಅಥವಾ ಹೆಚ್ಚು ಸೆನ್ಸರ್ ನೋಡ್‌ಗಳು ಕುಳಿತು, ತಾವು ಅಳೆದದ್ದನ್ನು ತಂತಿಯಿಲ್ಲದೆ ಒಂದು ಕೇಂದ್ರ ಸಾಧನಕ್ಕೆ ಕಳುಹಿಸಿ, ಆ ಎಲ್ಲ ಅಳತೆಗಳನ್ನು ಒಂದೇ ಕಾಲರೇಖೆಯ ಮೇಲೆ ಹೊಂದಿಸಿ ಅರ್ಥ ಮಾಡಿಕೊಳ್ಳುವ ಏರ್ಪಾಡಿಗೆ ಸೆನ್ಸರ್ ಜಾಲ ಎನ್ನುತ್ತೇವೆ. ಕೇಂದ್ರ ಸಾಧನ ಸಾಮಾನ್ಯವಾಗಿ ಮೊಬೈಲ್ ಫೋನೇ ಆಗಿರುತ್ತದೆ. ಎದೆಯ ಪಟ್ಟಿಯಿಂದ ಹೃದಯದ ಬಡಿತ, ಸೊಂಟದಿಂದ ದೇಹದ ವಾಲುವಿಕೆ, ಕಾಲಿನಿಂದ ಹೆಜ್ಜೆ, ಇವು ಮೂರೂ ಸೇರಿದಾಗ ಮಾತ್ರ ಉತ್ತರ ಸಿಗುವಂಥ ಪ್ರಶ್ನೆ ನಿಮ್ಮಲ್ಲಿದ್ದರೆ ನಿಮಗೆ ಜಾಲ ಬೇಕು. ಇಲ್ಲದಿದ್ದರೆ ಒಂದು ಒಳ್ಳೆಯ ವಾಚು ಸಾಕು, ಮುಂದಿನ ತಲೆನೋವೂ ತಪ್ಪುತ್ತದೆ.

ಇದು ಇತ್ತೀಚಿನ ವಿದ್ಯೆಯೇ?

ಅಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ, ನಡೆದಾಡುವ ಮನುಷ್ಯನ ಇಸಿಜಿಯನ್ನು ರೇಡಿಯೊ ಮೂಲಕ ಕಳುಹಿಸುವ ಯಂತ್ರವೊಂದನ್ನು ಬೆನ್ನಿಗೆ ಹೊತ್ತಿದ್ದರು. ಅದರ ತೂಕ ಸುಮಾರು 38 ಕಿಲೋ. ಇಂದಿಗೂ ಆಸ್ಪತ್ರೆಗಳಲ್ಲಿ 24 ಗಂಟೆಯ ಇಸಿಜಿಗೆ ಹೋಲ್ಟರ್ ಎಂದೇ ಹೆಸರು. 1961ರಲ್ಲಿ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಸಿಗರೇಟ್ ಪ್ಯಾಕಿನ ಗಾತ್ರದ ಕಂಪ್ಯೂಟರೊಂದನ್ನು ಮೈಮೇಲೆ ಅಡಗಿಸಿಕೊಂಡು, ಬೂಟಿನೊಳಗಿನ ಸ್ವಿಚ್ಚನ್ನು ಕಾಲ್ಬೆರಳಿನಿಂದ ಒತ್ತುತ್ತ ಲಾಸ್ ವೇಗಸ್‌ನ ರೂಲೆಟ್ ಮೇಜಿನಲ್ಲಿ ಚೆಂಡು ಎಲ್ಲಿ ಬೀಳಬಹುದೆಂದು ಲೆಕ್ಕ ಹಾಕಿದರು. ತೊಡುವ ಕಂಪ್ಯೂಟರಿನ ಮೊದಲ ಬಳಕೆ ಜೂಜಿಗೆ ಆಯಿತು ಎಂಬುದು ಈ ವಿದ್ಯೆಯ ಮಟ್ಟಿಗೆ ಅಷ್ಟು ಹೆಮ್ಮೆಯ ಸಂಗತಿಯೇನಲ್ಲ.

ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತ ಕಳುಹಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. 1996ರಲ್ಲಿ ಥಾಮಸ್ ಝಿಮ್ಮರ್‌ಮನ್ ದೇಹವನ್ನೇ ತಂತಿಯಂತೆ ಬಳಸಿ ಸಂದೇಶ ಕಳುಹಿಸಬಹುದೆಂದು ತೋರಿಸಿದರು. 2000ದ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗ್ವಾಂಗ್-ಝಾಂಗ್ ಯಾಂಗ್ ಅವರ ತಂಡ ಬಾಡಿ ಸೆನ್ಸರ್ ನೆಟ್‌ವರ್ಕ್ ಎಂಬ ಹೆಸರನ್ನು ರೂಢಿಗೆ ತಂದಿತು.

ಎಷ್ಟು ಸೆನ್ಸರ್ ಹಾಕಬೇಕು?

ನೀವು ಮೊದಲು ಅಂದುಕೊಂಡದ್ದಕ್ಕಿಂತ ಒಂದು ಕಡಿಮೆ. ಪ್ರತಿ ನೋಡ್‌ಗೂ ಒಂದು ಬ್ಯಾಟರಿ, ಒಂದು ಗಡಿಯಾರ, ಒಂದು ಅಂಟು ಅಥವಾ ಪಟ್ಟಿ, ಚಾರ್ಜ್ ಮಾಡಲು ಮರೆಯುವ ಒಂದು ಅವಕಾಶ ಜೊತೆಗೇ ಬರುತ್ತದೆ. ಐದು ನೋಡ್‌ಗಳಲ್ಲಿ ಪ್ರತಿಯೊಂದೂ ದಿನದ ಶೇ. 95ರಷ್ಟು ಹೊತ್ತು ಸರಿಯಾಗಿ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಅವುಗಳ ತೊಂದರೆಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ, ಐದೂ ಒಟ್ಟಿಗೆ ಸರಿಯಿರುವ ಹೊತ್ತು ಶೇ. 77ಕ್ಕೆ ಇಳಿಯುತ್ತದೆ. ನಾವು ತೋಟಕ್ಕೆ ಹೋದಾಗ ನಾಲ್ಕು ನೋಡ್‌ಗಳಿದ್ದವು. ಮುಗಿಸಿದಾಗ ಎಷ್ಟಿದ್ದವು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಸೆನ್ಸರನ್ನು ಮೈಮೇಲೆ ಎಲ್ಲಿ ಕೂರಿಸಬೇಕು?

ಸಂಕೇತ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂಬುದನ್ನು ಪುಸ್ತಕ ಹೇಳುತ್ತದೆ. ತೊಟ್ಟವರ ಕೆಲಸಕ್ಕೆ ಎಲ್ಲಿ ಅಡ್ಡಿಯಾಗುವುದಿಲ್ಲ ಎಂಬುದನ್ನು ತೊಟ್ಟವರನ್ನು ನೋಡಿಯೇ ತಿಳಿಯಬೇಕು. ಅಡಿಕೆ ಮರ ಹತ್ತುವವರು ಕಾಲಿಗೆ ಬಳೆಯಂಥ ತಳೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಮರವನ್ನು ತಬ್ಬಿ ಮೇಲೇರುತ್ತಾರೆ. ಮಣಿಕಟ್ಟಿನ ಒಳಭಾಗ, ಮುಂಗೈ, ಎದೆ ಮತ್ತು ಕಾಲಿನ ಹರಡು ಮರಕ್ಕೆ ಉಜ್ಜುತ್ತಲೇ ಇರುತ್ತವೆ. ಪಠ್ಯಪುಸ್ತಕದಲ್ಲಿ ಸೆನ್ಸರ್‌ಗೆಂದು ಗುರುತು ಮಾಡಿದ ಜಾಗಗಳೂ ಅವೇ. ನಾವು ಎದೆಗೆ ಅಂಟಿಸಿದ್ದ ಪ್ಯಾಚು ಮೂರನೆಯ ಮರದಲ್ಲಿ ಕಿತ್ತು ಬಂದು, ಕೊಯ್ದ ಕೊನೆಯ ಜೊತೆ ನೇಣಿನಲ್ಲಿ (ಹಗ್ಗದಲ್ಲಿ) ಕೆಳಗಿಳಿಯಿತು. ಕೊನೆ ಕೊಯ್ಯುವವರು ಮೇಲಿನಿಂದ "ನಿಮ್ಮ ಸಾಮಾನು ಬಂತಾ ಸಾರ್?" ಎಂದು ಕೇಳಿದರು.

ಕೊನೆಗೆ ನಮಗೆ ಒದಗಿದ ಜಾಗ ಮೇಲ್ತೋಳಿನ ಹೊರಭಾಗ. ಅಲ್ಲಿ ಮಾಂಸಖಂಡವಿದೆ, ರಕ್ತ ಸಂಚಾರ ಚೆನ್ನಾಗಿದೆ, ಮಣಿಕಟ್ಟಿನಷ್ಟು ಅಲುಗಾಟವಿಲ್ಲ, ಮರಕ್ಕೂ ತಾಗುವುದಿಲ್ಲ.

ಮಣಿಕಟ್ಟಿನ ಹಸಿರು ಬೆಳಕು ಬಡಿತವನ್ನು ಹೇಗೆ ಎಣಿಸುತ್ತದೆ, ಮತ್ತು ಓಡುವಾಗ ಏಕೆ ತಪ್ಪುತ್ತದೆ?

ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಚರ್ಮದ ಕೆಳಗಿನ ನಾಳಗಳಲ್ಲಿ ರಕ್ತ ಸ್ವಲ್ಪ ಹೆಚ್ಚುತ್ತದೆ, ಹಿಂದಿರುಗುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಈ ಏರಿಳಿತ ಒಟ್ಟು ಬೆಳಕಿನ ಕೆಲವೇ ಶೇಕಡಾ ಮಾತ್ರ, ಮಣಿಕಟ್ಟಿನಲ್ಲಿ ಇನ್ನೂ ಕಡಿಮೆ. ಸೆನ್ಸರ್ ಚರ್ಮದ ಮೇಲೆ ಕೂದಲೆಳೆಯಷ್ಟು ಜಾರಿದರೂ ಬೆಳಕಿನ ಬದಲಾವಣೆ ಇದಕ್ಕಿಂತ ಹಲವು ಪಟ್ಟು ದೊಡ್ಡದಾಗಿರುತ್ತದೆ. ಓಡುವವರು ನಿಮಿಷಕ್ಕೆ 160–180 ಹೆಜ್ಜೆ ಇಡುತ್ತಾರೆ, ಅವರ ಹೃದಯದ ಬಡಿತವೂ ಸುಮಾರು ಅದೇ ವ್ಯಾಪ್ತಿಯಲ್ಲಿರುತ್ತದೆ. ಹಾಗಾಗಿ ಅಲ್ಗಾರಿದಂ ಬಡಿತವನ್ನು ಬಿಟ್ಟು ಹೆಜ್ಜೆಯನ್ನೇ ಹಿಡಿದು ಎಣಿಸತೊಡಗುತ್ತದೆ. ಪರದೆಯ ಮೇಲೆ ಕಾಣುವ ಸಂಖ್ಯೆ ನಂಬುವಂತೆಯೇ ಇರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ಇದಕ್ಕೆ ಪರಿಹಾರವೆಂದರೆ ಅದೇ ಜಾಗದಲ್ಲಿ ಚಲನೆ ಅಳೆಯುವ ಅಕ್ಸೆಲೆರೋಮೀಟರ್ ಇಟ್ಟು, ಅದರಲ್ಲಿ ಕಂಡ ಲಯವನ್ನು ಬೆಳಕಿನ ಸಂಕೇತದಿಂದ ಕಳೆಯುವುದು.

ಆಮ್ಲಜನಕದ ಪ್ರಮಾಣವನ್ನೂ ತೋರಿಸಬಹುದೇ? ಚರ್ಮದ ಬಣ್ಣ ಅಳತೆಯ ಮೇಲೆ ಪರಿಣಾಮ ಬೀರುತ್ತದೆಯೇ?

ಅದಕ್ಕೆ ಸುಮಾರು 660 ನ್ಯಾನೋಮೀಟರಿನ ಕೆಂಪು ಮತ್ತು 900 ನ್ಯಾನೋಮೀಟರ್ ಆಸುಪಾಸಿನ ಅವಕೆಂಪು, ಹೀಗೆ ಎರಡು ಬೆಳಕು ಬೇಕು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಇವೆರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಜಪಾನಿನ ತಕುವೊ ಅಯೋಯಾಗಿ 1970ರ ದಶಕದಲ್ಲಿ ಕಂಡುಕೊಂಡ ಈ ತತ್ವವೇ ಇಂದಿನ ಎಲ್ಲ ಪಲ್ಸ್ ಆಕ್ಸಿಮೀಟರುಗಳ ಆಧಾರ. ಆದರೆ ಎರಡು ಬೆಳಕಿನ ಅನುಪಾತವನ್ನು ಶೇಕಡಾ ಆಗಿ ಬದಲಿಸುವ ಪಟ್ಟಿಯನ್ನು ಮನುಷ್ಯರ ಮೇಲೆ ಅಳೆದೇ ಮಾಡಿರುತ್ತಾರೆ, ಯಾರ ಮೇಲೆ ಅಳೆದರು ಎಂಬುದರ ಛಾಯೆ ಅದರಲ್ಲಿ ಉಳಿಯುತ್ತದೆ. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು ಆಕ್ಸಿಮೀಟರ್ 92–96 ತೋರಿಸುತ್ತಿದ್ದ ಸಂದರ್ಭಗಳನ್ನು ಪರಿಶೀಲಿಸಿತು. ರಕ್ತದ ನಿಜವಾದ ಆಮ್ಲಜನಕ ಮಟ್ಟ 88ಕ್ಕಿಂತ ಕೆಳಗಿದ್ದುದು ಕಪ್ಪು ವರ್ಣೀಯರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ನಮ್ಮ ನಾಡಿನಲ್ಲಿ ಒಂದೇ ಮನೆಯೊಳಗೇ ಹಲವು ಮೈಬಣ್ಣಗಳಿರುತ್ತವೆ. ಹಾಗಿರುವಾಗ ಆರೇಳು ಸ್ನೇಹಿತರ ಬೆರಳಿನ ಮೇಲೆ ಪರೀಕ್ಷಿಸಿ ಸಾಧನ ಸಿದ್ಧವೆಂದು ಘೋಷಿಸಬಾರದು.

ಇಸಿಜಿ ಗೆರೆ ನಡುಗುತ್ತಿದೆ. ಚಿಪ್ ಹಾಳಾಗಿದೆಯೇ?

ಬಹುತೇಕ ಸಲ ಚಿಪ್ಪಿನ ತಪ್ಪಿರುವುದಿಲ್ಲ. ಗೆರೆಯ ಮೇಲೆ ಒಂದೇ ಸಮನಾದ ಸಣ್ಣ ಹಲ್ಲುಗಳಿದ್ದರೆ ಅದು ಗೋಡೆಯೊಳಗಿನ 50 ಹರ್ಟ್ಜ್ ವಿದ್ಯುತ್ತಿನ ಸದ್ದು. ಗೆರೆ ಉಸಿರಿನ ಜೊತೆ ನಿಧಾನವಾಗಿ ಏರಿ ಇಳಿದರೆ ಅದು ಎದೆಯ ಚಲನೆ. ಯಾವುದೇ ಕ್ರಮವಿಲ್ಲದೆ ಜಿಗಿದರೆ ಎಲೆಕ್ಟ್ರೋಡ್ ಚರ್ಮದಿಂದ ಬಿಟ್ಟಿದೆ. ಹೃದಯದ ಸಂಕೇತ ಚರ್ಮದ ಮೇಲೆ ಬರುವ ಹೊತ್ತಿಗೆ ಒಂದೆರಡು ಮಿಲಿವೋಲ್ಟ್ ಮಾತ್ರ ಇರುತ್ತದೆ, ಚರ್ಮದ ಒಣ ಪದರವೇ ಅದಕ್ಕೆ ದೊಡ್ಡ ಅಡ್ಡಗೋಡೆ. ಅಂಟಿಸುವ ಮೊದಲು ಆ ಜಾಗವನ್ನು ಒದ್ದೆ ಬಟ್ಟೆಯಿಂದ ಮೃದುವಾಗಿ ಉಜ್ಜಿ ಒರೆಸಿದರೆ ಎಷ್ಟೋ ಫಿಲ್ಟರುಗಳಿಗಿಂತ ಹೆಚ್ಚು ಉಪಯೋಗ. ಎಣ್ಣೆ ಹಚ್ಚಿಕೊಂಡು ಬಂದವರಿಗಂತೂ ಇದು ಕಡ್ಡಾಯ.

ಬಟ್ಟೆಗೆ ಹೊಲಿದ ಬೆಳ್ಳಿ ಲೇಪದ ನೂಲಿನ ಒಣ ಎಲೆಕ್ಟ್ರೋಡ್‌ಗಳು ತೊಟ್ಟ ಮೊದಲ ಕೆಲವು ನಿಮಿಷ ಹಟ ಮಾಡುತ್ತವೆ, ಬೆವರು ಬಂದ ಮೇಲೆ ಸರಿಯಾಗುತ್ತವೆ. ಬೆವರು ಅತಿಯಾದಾಗ ಎರಡು ಎಲೆಕ್ಟ್ರೋಡ್‌ಗಳ ನಡುವೆ ಉಪ್ಪುನೀರಿನ ಸೇತುವೆಯಾಗಿ ಸಂಕೇತ ಮತ್ತೆ ಕುಗ್ಗುತ್ತದೆ. ಬಡಿತ ಗುರುತಿಸಲು 1985ರಲ್ಲಿ ಪ್ಯಾನ್ ಮತ್ತು ಟಾಂಪ್ಕಿನ್ಸ್ ಕೊಟ್ಟ ವಿಧಾನ ಇಂದಿಗೂ ಸಣ್ಣ ಪ್ರೊಸೆಸರುಗಳಿಗೆ ಒಗ್ಗುತ್ತದೆ. ಸುಮಾರು 5–15 ಹರ್ಟ್ಜ್ ಪಟ್ಟಿಯನ್ನಷ್ಟೇ ಉಳಿಸಿಕೊಳ್ಳುವುದು, ಇಳಿಜಾರನ್ನು ಕಂಡುಹಿಡಿದು ವರ್ಗ (ಸ್ಕ್ವೇರ್) ಮಾಡುವುದು, ಸುಮಾರು 150 ಮಿಲಿಸೆಕೆಂಡಿನ ಕಿಟಕಿಯಲ್ಲಿ ಕೂಡುವುದು, ಆಮೇಲೆ ತಾನೇ ಹೊಂದಿಕೊಳ್ಳುವ ಮಿತಿಯಿಂದ ಬಡಿತವನ್ನು ಆರಿಸುವುದು, ಇಷ್ಟೇ ಅದರ ಸಾರ. ಪರೀಕ್ಷೆಗೆ ಎಂಐಟಿ-ಬಿಐಎಚ್ ಎಂಬ ಇಸಿಜಿ ಸಂಗ್ರಹದ ಅರ್ಧ ಗಂಟೆಯ 48 ದಾಖಲೆಗಳು ಉಚಿತವಾಗಿ ಸಿಗುತ್ತವೆ. ಅವು ಸೆಕೆಂಡಿಗೆ 360 ಸ್ಯಾಂಪಲ್‌ಗಳಂತೆ ದಾಖಲಾಗಿವೆ ಎಂಬುದನ್ನು ಮರೆತು ನೇರವಾಗಿ ಸೆಕೆಂಡಿಗೆ 250 ಎಂದುಕೊಂಡು ಬರೆದ ಕೋಡಿಗೆ ಉಣಿಸಿದ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ.

ಇಸಿಜಿ ಸರ್ಕ್ಯೂಟನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಬಹುದೇ?

ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿರುವಾಗ ಖಂಡಿತ ಬೇಡ. ಎಲೆಕ್ಟ್ರೋಡ್ ಎಂದರೆ ದೇಹಕ್ಕೆ ತೆರೆದ ಬಾಗಿಲು. ಎದೆಯ ಮೇಲೆ ಅದಿದ್ದಾಗ ಗೋಡೆಯ ವಿದ್ಯುತ್ತಿನ ಜೊತೆ ಯಾವ ನೇರ ಸಂಪರ್ಕವೂ ಇರಕೂಡದು. ಹೃದಯಕ್ಕೇ ನೇರವಾಗಿ ಜೋಡಿಸುವ ಸಾಧನಗಳಲ್ಲಿ ಮಾಮೂಲು ಸ್ಥಿತಿಯಲ್ಲಿ ದೇಹದೊಳಗೆ ಸೋರಬಹುದಾದ ಕರೆಂಟಿಗೆ, ವೈದ್ಯಕೀಯ ವಿದ್ಯುತ್ ಸಾಧನಗಳ ಸುರಕ್ಷತೆಯ ಐಇಸಿ 60601 ಮಾನದಂಡ ಇಟ್ಟ ಮಿತಿ 10 ಮೈಕ್ರೋಆಂಪಿಯರ್. ಅಗ್ಗದ ಚಾರ್ಜರುಗಳು ಇದನ್ನು ಸುಲಭವಾಗಿ ಮೀರುತ್ತವೆ. ನೋಡ್ ಬ್ಯಾಟರಿಯಲ್ಲೇ ಇರಲಿ, ಡೇಟಾ ಬ್ಲೂಟೂತ್‌ನಲ್ಲೇ ಬರಲಿ. ನೋಡ್ ಚಾರ್ಜ್ ಆಗುತ್ತಿರುವಾಗ ಅಳತೆ ತಾನಾಗಿ ನಿಲ್ಲುವಂತೆಯೂ ಮಾಡಿ.

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು?

ಮೈಬಿಸಿಗೆ ನಿಮಿಷಕ್ಕೊಮ್ಮೆ ಅಳೆದರೆ ಸಾಕು. ಬೆಳಕಿನಿಂದ ಬಡಿತ ಎಣಿಸಲು 25ರಿಂದ 100, ನಡಿಗೆ ಮತ್ತು ಚಲನೆಗೆ 50ರಿಂದ 100, ಇಸಿಜಿಗೆ 250, ಸ್ನಾಯುಗಳ ವಿದ್ಯುತ್ ಸಂಕೇತಕ್ಕೆ 1000 ಅಥವಾ ಹೆಚ್ಚು. ಇಲ್ಲೊಂದು ಲೆಕ್ಕ ಹಾಕಿ ನೋಡಿ. 24 ಬಿಟ್‌ನ ಇಸಿಜಿ ಸ್ಯಾಂಪಲ್ ಎಂದರೆ 3 ಬೈಟ್. ಸೆಕೆಂಡಿಗೆ 250 ಎಂದರೆ 750 ಬೈಟ್, ದಿನಕ್ಕೆ 64.8 ಎಂಬಿ. ಹಳೆಯ ಬ್ಲೂಟೂತ್ ಲೋ ಎನರ್ಜಿ ಸಂಪರ್ಕದಲ್ಲಿ ಒಂದು ಪ್ಯಾಕೆಟಿಗೆ (ಒಮ್ಮೆಗೆ ಕಳುಹಿಸುವ ಡೇಟಾದ ಕಟ್ಟಿಗೆ) ಉಪಯೋಗಕ್ಕೆ ಸಿಗುವುದು 20 ಬೈಟ್, ಅಂದರೆ 6 ಸ್ಯಾಂಪಲ್, ಹಾಗಾದರೆ ಸೆಕೆಂಡಿಗೆ ಸುಮಾರು 42 ಪ್ಯಾಕೆಟ್. ಎರಡೂ ಕಡೆ ಒಪ್ಪಿಗೆಯಾಗಿ ಪ್ಯಾಕೆಟ್ 244 ಬೈಟಿಗೆ ಏರಿದರೆ 81 ಸ್ಯಾಂಪಲ್ ಹಿಡಿಯುತ್ತದೆ, ಸೆಕೆಂಡಿಗೆ ಮೂರಕ್ಕಿಂತ ತುಸು ಹೆಚ್ಚು ಪ್ಯಾಕೆಟ್ ಸಾಕು. ರೇಡಿಯೊ ಏಳುವ ಸಲಗಳು ಇಷ್ಟು ಕಡಿಮೆಯಾದರೆ ಬ್ಯಾಟರಿಯ ಆಯುಸ್ಸು ಎಷ್ಟು ಹೆಚ್ಚುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಯಾವ ರೇಡಿಯೊ ಬಳಸಬೇಕು? ವೈಫೈ ಆಗದೇ?

ವೈಫೈ ಈ ಕೆಲಸಕ್ಕೆ ಹಸಿದ ಆನೆಯಿದ್ದಂತೆ. ಕಳುಹಿಸುವ ಕ್ಷಣದಲ್ಲಿ ಅದು ನೂರಾರು ಮಿಲಿಆಂಪಿಯರ್ ಕೇಳುತ್ತದೆ. ಎನ್‌ಆರ್‌ಎಫ್ 52832 ಬಗೆಯ ಬ್ಲೂಟೂತ್ ಚಿಪ್ಪಿಗೆ ಸುಮಾರು 5 ಸಾಕು. ಮೈಮೇಲಿನ ಜಾಲಗಳಿಗೆಂದೇ ಐಇಇಇ 802.15.6 ಎಂಬ ಮಾನದಂಡ 2012ರಲ್ಲಿ ಬಂತು. ಅದರಲ್ಲಿ 21 ಮೆಗಾಹರ್ಟ್ಜ್ ಬಳಿ ದೇಹದ ಮೂಲಕವೇ ಸಂದೇಶ ಸಾಗಿಸುವ ಬಗೆಯೂ ಸೇರಿದೆ. ಮಾನದಂಡ ಚೆನ್ನಾಗಿಯೇ ಇದೆ, ಆದರೆ ಎಲ್ಲರ ಜೇಬಿನ ಫೋನಿನಲ್ಲಿ ಇದ್ದದ್ದು ಬ್ಲೂಟೂತ್. ಬಳಸುವವರ ಕೈಗೆ ಇನ್ನೊಂದು ಪೆಟ್ಟಿಗೆ ಕೊಡದೆ ಕೆಲಸ ಮುಗಿಯುತ್ತದೆಂಬ ಒಂದೇ ಕಾರಣಕ್ಕೆ ನಾನೂ ಅದನ್ನೇ ಆರಿಸುತ್ತೇನೆ.

ಫೋನು ಹಿಂದಿನ ಜೇಬಿನಲ್ಲಿದ್ದಾಗ ಎದೆಯ ನೋಡ್‌ನ ಡೇಟಾ ಏಕೆ ಕಳೆದುಹೋಗುತ್ತದೆ?

ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಜ್‌ನಲ್ಲಿ. ಮೈಕ್ರೋವೇವ್ ಒಲೆ ನೀರನ್ನು ಬಿಸಿ ಮಾಡುವುದೂ ಅದೇ ಪಟ್ಟಿಯಲ್ಲಿ. ನಮ್ಮ ದೇಹದ ಬಹುಪಾಲು ನೀರೇ ಆದ್ದರಿಂದ ರೇಡಿಯೊ ಅಲೆ ದೇಹವನ್ನು ಸೀಳಿಕೊಂಡು ಹೋಗುವುದಿಲ್ಲ. ಮೈಯ ಹೊರಮೈಯನ್ನು ಸುತ್ತಿಕೊಂಡು, ಇಲ್ಲವೇ ಹತ್ತಿರದ ಗೋಡೆಗೆ ಬಡಿದು ಹಿಂದಿರುಗಿ ಆ ಬದಿಗೆ ತಲುಪುತ್ತದೆ. ಪ್ರಯೋಗಾಲಯದಲ್ಲಿ ಗೋಡೆಗಳಿರುತ್ತವೆ, ಆದ್ದರಿಂದ ಅಲ್ಲಿ ಎಲ್ಲವೂ ಸುಸೂತ್ರ. ಬಯಲಿಗೆ ಬಂದಾಗ ಹಿಂದಿರುಗಿಸಲು ಏನೂ ಇಲ್ಲದೆ ಪ್ಯಾಕೆಟ್ ಉದುರುತ್ತವೆ. ಪರೀಕ್ಷೆಯನ್ನು ಮೈದಾನದ ನಡುವೆ ಮಾಡಿ. ಪೋಲಾರ್‌ನ ಹಳೆಯ ಎದೆಪಟ್ಟಿಗಳು 5 ಕಿಲೋಹರ್ಟ್ಜ್ ಆಸುಪಾಸಿನ ಕಾಂತಕ್ಷೇತ್ರವನ್ನು ಬಳಸುತ್ತಿದ್ದುದರಿಂದ ಈಜುಕೊಳದಲ್ಲೂ ಕೆಲಸ ಮಾಡುತ್ತಿದ್ದವು ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಇದಕ್ಕಿಂತ ಮುಖ್ಯವಾದದ್ದು, ನೋಡ್‌ನಲ್ಲೇ ಸ್ವಲ್ಪ ಫ್ಲ್ಯಾಶ್ ಮೆಮೊರಿ ಇಡುವುದು. ಸಂಪರ್ಕ ತಪ್ಪಿದಾಗ ಬರೆದಿಟ್ಟುಕೊಂಡು, ಸಿಕ್ಕಾಗ ಒಪ್ಪಿಸುವ ನೋಡ್ ಮಾತ್ರ ಕ್ಷೇತ್ರದಲ್ಲಿ ಬದುಕುತ್ತದೆ.

ಎರಡು ನೋಡ್‌ಗಳ ಸಮಯ ಏಕೆ ಹೊಂದುವುದಿಲ್ಲ?

ಹೆಚ್ಚಿನವರು ಈ ಪ್ರಶ್ನೆಯನ್ನು ಡೇಟಾ ಎಲ್ಲ ಸಂಗ್ರಹಿಸಿ ಮುಗಿದ ಮೇಲೆ ಕೇಳುತ್ತಾರೆ, ಆಗ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಸಾಮಾನ್ಯ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆ ಓಡಬಹುದು. ಕೇಳಲು ಅತ್ಯಲ್ಪವೆನಿಸಿದರೂ ಗಂಟೆಗೆ 72 ಮಿಲಿಸೆಕೆಂಡು, ದಿನಕ್ಕೆ ಸುಮಾರು 1.7 ಸೆಕೆಂಡಾಯಿತು. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಓಡಿದರೆ ಅಂತರ ಇದರ ಎರಡು ಪಟ್ಟು. ಎದೆಯ ಇಸಿಜಿಯಲ್ಲಿ ಬಡಿತ ಕಂಡ ಕ್ಷಣದಿಂದ ಬೆರಳಿಗೆ ರಕ್ತದ ಅಲೆ ತಲುಪುವವರೆಗಿನ ಸಮಯ ಸುಮಾರು ಸೆಕೆಂಡಿನ ಕಾಲು ಭಾಗ. ಅದರಿಂದ ರಕ್ತದೊತ್ತಡದ ಏರಿಳಿತ ಊಹಿಸಲು ಹೊರಟವರಿಗೆ 10 ಮಿಲಿಸೆಕೆಂಡಿನ ತಪ್ಪೂ ದುಬಾರಿ. ಒಂದೇ ಗಂಟೆಯಲ್ಲಿ ಎರಡು ಗಡಿಯಾರಗಳ ಅಂತರ 144 ಆಗಿರಬಹುದು.

ಪ್ಯಾಕೆಟ್ ಫೋನಿಗೆ ತಲುಪಿದ ಸಮಯವನ್ನೇ ಅಳತೆಯ ಸಮಯ ಎಂದುಕೊಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು. ಬ್ಲೂಟೂತ್ ಸಂಪರ್ಕದ ಅಂತರ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡಿನವರೆಗೆ ಏನಾದರೂ ಇರಬಹುದು. ಅದರ ಮೇಲೆ ಫೋನಿನ ತಂತ್ರಾಂಶ ಪ್ಯಾಕೆಟ್‌ಗಳನ್ನು ತನಗೆ ಬೇಕಾದಾಗ ಕೊಡುತ್ತದೆ. ಅಳತೆಯ ಸಮಯವನ್ನು ನೋಡ್ ತನ್ನ ಗಡಿಯಾರದಿಂದಲೇ ಬರೆಯಬೇಕು. ಫೋನು ಆಗಾಗ ಪ್ರತಿ ನೋಡ್‌ನ ಗಡಿಯಾರವನ್ನು ಕೇಳಿ ತನ್ನದರೊಂದಿಗೆ ಹೋಲಿಸಿ, ಆ ಬಿಂದುಗಳ ಮೂಲಕ ಒಂದು ಸರಳರೇಖೆ ಎಳೆದು ತಿದ್ದಬೇಕು.

ಇದರ ಜೊತೆಗೆ ಒಂದು ಹಳ್ಳಿ ಉಪಾಯವನ್ನು ನಾನು ಎಂದೂ ಬಿಡುವುದಿಲ್ಲ. ಎಲ್ಲ ನೋಡ್‌ಗಳನ್ನೂ ಒಂದೇ ಹಲಗೆಯ ಮೇಲಿಟ್ಟು, ಅಳತೆ ಶುರುವಾದ ಮೇಲೆ ಹಲಗೆಯನ್ನು ಮೂರು ಸಲ ಜೋರಾಗಿ ತಟ್ಟುತ್ತೇನೆ. ಬಿಚ್ಚಿದ ಮೇಲೆ ಮತ್ತೆ ಮೂರು ಸಲ. ಎಲ್ಲ ಅಕ್ಸೆಲೆರೋಮೀಟರುಗಳಲ್ಲೂ ಆ ಆರು ಪೆಟ್ಟುಗಳು ಚೂಪಾಗಿ ಎದ್ದು ನಿಲ್ಲುತ್ತವೆ. ತಾಳ ಹಾಕಿದ ಹಾಗೆ, ಎರಡು ತುದಿ ಕೂಡಿದರೆ ನಡುವಿನದನ್ನು ಹೊಂದಿಸುವುದು ಸುಲಭ.

ಬ್ಯಾಟರಿ ಎಷ್ಟು ದಿನ ಬರುತ್ತದೆ?

ಲೆಕ್ಕ ಹಾಕಿ ಹೇಳಬಹುದು, ಹಾಕದೆ ಹೇಳಬಾರದು. ಮ್ಯಾಕ್ಸ್ 30102 ಬಗೆಯ ಬೆಳಕಿನ ಸೆನ್ಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೆಕೆಂಡಿಗೆ 100 ಸಲ, ಪ್ರತಿ ಸಲ 411 ಮೈಕ್ರೋಸೆಕೆಂಡು ಒಂದು ಎಲ್‌ಇಡಿ ಉರಿಯುತ್ತದೆ, ಅಂದರೆ ಸಮಯದ ಸುಮಾರು ಶೇ. 4. ಉರಿಯುವಾಗ 6 ಮಿಲಿಆಂಪಿಯರ್ ಬೇಕಾದರೆ ಸರಾಸರಿ ಕಾಲು ಮಿಲಿಆಂಪಿಯರ್, ಎರಡು ಎಲ್‌ಇಡಿಗೆ ಅರ್ಧ. ಚಿಪ್ಪಿಗೆ 0.6, ಪ್ರೊಸೆಸರ್ ಮತ್ತು ರೇಡಿಯೊ ಮಿತವಾಗಿ ನಡೆದರೆ 0.4. ಒಟ್ಟು 1.5. ಸಣ್ಣ 100 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಕಾಗದದ ಮೇಲೆ 66 ಗಂಟೆ ಬರುತ್ತದೆ, ಮೈಮೇಲೆ ಎರಡು ದಿನ ಎಂದು ಹಿಡಿಯಿರಿ.

ಹಾಗಿದ್ದೂ ವಿದ್ಯಾರ್ಥಿಗಳ ನೋಡ್ ಒಂದೇ ದಿನಕ್ಕೆ ಸಾಯುತ್ತದೆ. ಕಾರಣ ಹುಡುಕುತ್ತ ಅವರು ಕೋಡಿನ ಸಾಲು ಸಾಲನ್ನೂ ತಿದ್ದುತ್ತಾರೆ. ಅಪರಾಧಿ ಹಲವು ಸಲ ಡೆವಲಪ್‌ಮೆಂಟ್ ಬೋರ್ಡಿನ ಮೂಲೆಯಲ್ಲಿ, ನಾನು ಬದುಕಿದ್ದೇನೆ ಎಂದು ತೋರಿಸಲು ಸದಾ ಉರಿಯುವ ಪುಟ್ಟ ಕೆಂಪು ದೀಪ. ಅದೊಂದೇ 2 ಮಿಲಿಆಂಪಿಯರ್ ಕುಡಿದರೆ ಒಟ್ಟು 3.5 ಆಗಿ 66 ಗಂಟೆ 28ಕ್ಕೆ ಇಳಿಯುತ್ತದೆ. ಬೆಸುಗೆ ಕಡ್ಡಿಯಿಂದ ಅದನ್ನು ಕಿತ್ತುಹಾಕುವುದು ನನ್ನ ಲೆಕ್ಕದಲ್ಲಿ ವಿನ್ಯಾಸದ ಮೊದಲ ಹೆಜ್ಜೆ.

ಮೈಬಿಸಿಯಿಂದ ವಿದ್ಯುತ್ ತೆಗೆದು ಬ್ಯಾಟರಿಯನ್ನೇ ಬಿಡಬಹುದಲ್ಲವೇ?

ಚರ್ಮಕ್ಕೂ ಗಾಳಿಗೂ ನಡುವಿನ ತಾಪಮಾನದ ವ್ಯತ್ಯಾಸದಿಂದ ವಿದ್ಯುತ್ ತೆಗೆಯಬಹುದು. ಆದರೆ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಮೈಗಿಂತ ಗಾಳಿಯೇ ಬಿಸಿ.

ಲೆಕ್ಕವನ್ನು ನೋಡ್‌ನಲ್ಲೇ ಮಾಡಬೇಕೇ, ಫೋನಿಗೆ ಬಿಡಬೇಕೇ?

ಬಡಿತದಿಂದ ಬಡಿತಕ್ಕಿರುವ ಅಂತರ ಮಾತ್ರ ಬೇಕಾದರೆ ಅದನ್ನು ನೋಡ್‌ನಲ್ಲೇ ಲೆಕ್ಕ ಹಾಕಿ, ಬಡಿತಕ್ಕೆ 2 ಬೈಟ್ ಕಳುಹಿಸಿ. ಇಡೀ ಅಲೆ ಕಳುಹಿಸಿದರೆ ಅದೇ ಹೊತ್ತಿಗೆ ನೂರಾರು ಬೈಟ್. ಒಂದು ಎಚ್ಚರಿಕೆ: ಅಲ್ಗಾರಿದಂ ಇನ್ನೂ ಪಕ್ವವಾಗದ ದಿನಗಳಲ್ಲಿ ಮೂಲ ಅಲೆಯನ್ನು ಎಸೆಯಬೇಡಿ. ತಪ್ಪು ಎಲ್ಲಿಂದ ಬಂತೆಂದು ತಿಳಿಯಲು ಬೇರೆ ದಾರಿಯಿರುವುದಿಲ್ಲ.

ತೊಟ್ಟವರು ಏನು ಮಾಡುತ್ತಿದ್ದಾರೆಂದು ಗುರುತಿಸಲು ಕಲಿಸಿದ ನಮ್ಮ ಕಂಪ್ಯೂಟರ್ ಮಾದರಿ ಶೇ. 98 ನಿಖರತೆ ಕೊಡುತ್ತಿದೆ. ಸಾಲದೇ?

ಮೊದಲು ಡೇಟಾವನ್ನು ಹೇಗೆ ಭಾಗ ಮಾಡಿದಿರಿ ಎಂದು ಹೇಳಿ. ಒಬ್ಬರ ನಡಿಗೆಯನ್ನು ಎರಡೆರಡು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳನ್ನು ಕಲಸಿ ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಹಂಚಿದರೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟಂತಾಯಿತು. ಮಾದರಿ ನಡಿಗೆಯನ್ನು ಕಲಿತಿರುವುದಿಲ್ಲ, ಆ ಮನುಷ್ಯನನ್ನು ಕಲಿತಿರುತ್ತದೆ. ಒಬ್ಬೊಬ್ಬರನ್ನೇ ಪೂರ್ತಿಯಾಗಿ ಹೊರಗಿಟ್ಟು, ಉಳಿದವರಿಂದ ಕಲಿಸಿ, ಹೊರಗಿಟ್ಟವರ ಮೇಲೆ ಪರೀಕ್ಷಿಸಿ. ಸಂಖ್ಯೆ ಇಳಿಯುತ್ತದೆ, ಇಳಿಯಲಿ. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ, ಯುಸಿಐ ಎಂದು ಕರೆಯುವ ಚಲನೆಯ ಡೇಟಾ ಸಂಗ್ರಹದಲ್ಲಿ 30 ಜನ ಸೊಂಟಕ್ಕೆ ಫೋನು ಕಟ್ಟಿಕೊಂಡು ನಡೆದಿದ್ದಾರೆ, ಅದರಲ್ಲೂ ಭಾಗ ಮಾಡಿರುವುದು ಜನರನ್ನು ಆಧರಿಸಿಯೇ. ಇನ್ನೊಂದು ಮಾತು, ಅಂಥ ಯಾವ ಸಂಗ್ರಹದಲ್ಲೂ ಅಡಿಕೆ ಮರ ಹತ್ತುವುದು ಎಂಬ ವರ್ಗವಿರುವುದಿಲ್ಲ. ನಮ್ಮ ಮೊದಲ ಮಾದರಿ ಅದನ್ನು ಮೆಟ್ಟಿಲು ಹತ್ತುವುದು ಎಂದು ಓದಿತು. ಮರದಿಂದ ಮರಕ್ಕೆ ತೂಗಿ ದಾಟುವುದನ್ನು ಬಿದ್ದರು ಎಂದು ಓದಿ ಎಚ್ಚರಿಕೆಯ ಗಂಟೆ ಬಾರಿಸಿತು.

ಬೆವರು, ಮಳೆ, ಒಗೆತ ಇವನ್ನು ತಡೆಯುವುದು ಹೇಗೆ?

ಎಲೆಕ್ಟ್ರಾನಿಕ್ಸ್ ಭಾಗ ಗುಂಡಿಯಂತೆ ಬಿಚ್ಚಿ ಬರಬೇಕು, ಬಟ್ಟೆ ಮಾತ್ರ ಒಗೆತಕ್ಕೆ ಹೋಗಬೇಕು. ಜಾಕೀಟಿಗೆ ಹಾಕುವ ಟಿಚ್ ಬಟನ್ನುಗಳೇ ಒಳ್ಳೆಯ ಕನೆಕ್ಟರುಗಳಾಗುತ್ತವೆ. ನಮ್ಮ ಪಟ್ಟಿಯನ್ನು ಹೊಲಿದುಕೊಟ್ಟ ದರ್ಜಿ, ಎಲಾಸ್ಟಿಕ್ಕನ್ನು ಎಳೆದು ಹೊಲಿದರೆ ಒಳಗಿನ ವಾಹಕ ನೂಲು ಮೊದಲ ದಿನವೇ ತುಂಡಾಗುತ್ತದೆಂದು ಹೇಳಿ, ನೂಲನ್ನು ಅಂಕುಡೊಂಕಾಗಿ ಹಾಯಿಸಿದರು. ಆ ಒಂದು ಸಲಹೆಯಿಂದ ನಮ್ಮ ತಿಂಗಳ ಕೆಲಸ ಉಳಿಯಿತು. ಬೋರ್ಡೋ ಸಿಂಪಡಿಸುವ ದಿನಗಳಲ್ಲಂತೂ ಬೇರೆಯೇ ಫಜೀತಿ. ಮೈಲುತುತ್ತು ಬೆರೆತ ಆ ದ್ರಾವಣ ತೆರೆದ ಲೋಹದ ಮೇಲೆ ಬಿದ್ದರೆ ಕೆಲವೇ ದಿನಗಳಲ್ಲಿ ಸಂಪರ್ಕ ತಿಂದುಹೋಗುತ್ತದೆ. ಚಾರ್ಜಿಂಗ್ ಪಿನ್ನುಗಳ ಮೇಲೆ ಸಿಲಿಕೋನ್ ಮುಚ್ಚಳ ಹಾಕಿದ ಮೇಲೆಯೇ ಈ ತೊಂದರೆ ನಿಂತಿತು.

ಭಾಗಗಳನ್ನು ಎಲ್ಲಿ ಕೊಳ್ಳುವುದು?

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹೆಚ್ಚಿನವು ಸಿಗುತ್ತವೆ. ಅಗ್ಗದ ಮಾಡ್ಯೂಲುಗಳಲ್ಲಿ ವಿನ್ಯಾಸದ ತಪ್ಪುಗಳೂ ಜೊತೆಗೇ ಬರುತ್ತವೆ. ಉದಾಹರಣೆಗೆ, ಮ್ಯಾಕ್ಸ್ 30100 ಬೆಳಕಿನ ಸೆನ್ಸರಿನ ಒಂದು ಬಗೆಯ ಬೋರ್ಡಿನಲ್ಲಿ ಡೇಟಾ ತಂತಿಗಳನ್ನು ಎತ್ತಿ ಹಿಡಿಯುವ ರೆಸಿಸ್ಟರುಗಳು 1.8 ವೋಲ್ಟಿಗೆ ಜೋಡಿಸಿರುತ್ತವೆ. 5 ವೋಲ್ಟಿನ ಬೋರ್ಡಿಗೆ ಅದು ಕಾಣುವುದೇ ಇಲ್ಲ. ಬೋರ್ಡಿನ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ 3.3 ವೋಲ್ಟಿಗೆ ಜೋಡಿಸಿದರೆ, ಹಾಗೂ ಕಂಟ್ರೋಲರ್ ಕೂಡ 3.3 ವೋಲ್ಟಿನದಾಗಿದ್ದರೆ, ತೊಂದರೆ ನೀಗುತ್ತದೆ.

ಪರವಾನಗಿ ಏನೇನು ಬೇಕು?

ಕಲಿಕೆಗೆ ಒಂದೆರಡು ಮಾಡಿಕೊಳ್ಳುವವರಿಗೂ ಮಾರಲು ಹೊರಟವರಿಗೂ ಉತ್ತರ ಬೇರೆ. ಮಾರುವುದಾದರೆ 2.4 ಗಿಗಾಹರ್ಟ್ಜ್ ಪಟ್ಟಿಗೆ ಪರವಾನಗಿ ಶುಲ್ಕವಿಲ್ಲದಿದ್ದರೂ ರೇಡಿಯೊ ಸಾಧನಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆ ಬೇಕು, ಲಿಥಿಯಂ ಬ್ಯಾಟರಿ ಐಎಸ್ 16046 ಮಾನದಂಡಕ್ಕೆ ಹೊಂದಬೇಕು. ರೋಗ ಪತ್ತೆಮಾಡುತ್ತದೆ ಅಥವಾ ರೋಗಿಯ ಮೇಲೆ ನಿಗಾ ಇಡುತ್ತದೆ ಎಂದು ಹೇಳಿಕೊಂಡ ಕೂಡಲೇ ಅದು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿ ಬರುತ್ತದೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಎ ಇಂದ ಡಿ ವರೆಗಿನ ನಾಲ್ಕು ವರ್ಗಗಳಲ್ಲಿ ಒಂದರಲ್ಲಿ ನೋಂದಣಿ ಅಥವಾ ಪರವಾನಗಿ ಬೇಕಾಗುತ್ತದೆ, ಸಾಫ್ಟ್‌ವೇರ್ ಕೂಡ ಇದರಿಂದ ಹೊರತಲ್ಲ. ಮನುಷ್ಯರ ಮೇಲೆ ಪ್ರಯೋಗ ಮಾಡುವ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಆಧಾರ. ಒಪ್ಪಿಗೆ ಪತ್ರ ಸಹಿ ಮಾಡುವವರಿಗೆ ಅರ್ಥವಾಗುವ ಕನ್ನಡದಲ್ಲಿರಲಿ.

ಈ ಡೇಟಾ ಯಾರದು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿರೋ ಅದಕ್ಕಷ್ಟೇ ಬಳಸಬೇಕು, ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ದಾರಿಯೂ ಅಷ್ಟೇ ಸುಲಭವಾಗಿರಬೇಕು. ತೋಟದಲ್ಲಿ ನಮಗೆ ಎದುರಾದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಯಾರು ಎಷ್ಟು ಮರ ಹತ್ತಿದರು, ಎಷ್ಟು ಹೊತ್ತು ಕೂತರು ಎಂಬ ಲೆಕ್ಕ ಮಾಲೀಕರಿಗೆ ಸಿಗುತ್ತದೆಯೇ ಎಂದು ಕೊನೆ ಕೊಯ್ಯುವವರು ಮೊದಲ ದಿನವೇ ಕೇಳಿದರು. ದಣಿವು ಅಳೆಯಲು ಕಟ್ಟಿದ ಸಾಧನ ಕೂಲಿ ಅಳೆಯುವ ಸಾಧನವಾಗಲು ಒಂದೇ ಒಂದು ಹೊಸ ಪುಟ ಸಾಕು. ಮಾಲೀಕರಿಗೆ ಏನನ್ನೂ ತೋರಿಸುವುದಿಲ್ಲ ಎಂದು ಬರೆದುಕೊಟ್ಟೆವು, ತೋರಿಸುವ ಪುಟವನ್ನು ಕಟ್ಟಲೇ ಇಲ್ಲ. ತಂತ್ರಾಂಶದ ಮಟ್ಟದಲ್ಲಿ ಬ್ಲೂಟೂತ್ ಸಂಪರ್ಕವನ್ನು ಗೂಢಲಿಪಿಯಲ್ಲಿಡುವುದು, ನೋಡ್‌ನ ಹೆಸರಿನಲ್ಲಿ ತೊಟ್ಟವರ ಹೆಸರು ಬರದಂತೆ ನೋಡಿಕೊಳ್ಳುವುದು ಇವೆಲ್ಲ ಆಮೇಲಿನ ಮಾತು.

ತೋಟದ ಆ ವ್ಯವಸ್ಥೆ ಕೊನೆಗೆ ಯಾವ ರೂಪಕ್ಕೆ ಬಂತು?

ಎರಡೇ ನೋಡ್ ಉಳಿದವು. ಮೇಲ್ತೋಳಿನ ಪಟ್ಟಿಯಲ್ಲಿ ಬೆಳಕಿನ ಸೆನ್ಸರ್ ಮತ್ತು ಅಕ್ಸೆಲೆರೋಮೀಟರ್, ಸೊಂಟದ ಬೆಲ್ಟಿನ ಹಿಂಬದಿಯಲ್ಲಿ ಇನ್ನೊಂದು ಅಕ್ಸೆಲೆರೋಮೀಟರ್. ಚಲನೆಯ ಡೇಟಾ ಸೆಕೆಂಡಿಗೆ 50 ಸಲ, ಮೂರು ದಿಕ್ಕು, ತಲಾ 2 ಬೈಟ್ ಎಂದರೆ 300 ಬೈಟ್; ಆರು ಗಂಟೆಯ ಕೆಲಸಕ್ಕೆ 6.5 ಎಂಬಿಗಿಂತ ಕಡಿಮೆ. ನೋಡ್‌ನೊಳಗಿನ 16 ಎಂಬಿ ಫ್ಲ್ಯಾಶ್‌ಗೆ ಅದು ಆರಾಮವಾಗಿ ಹಿಡಿಯುತ್ತದೆ. ಮರದ ಮೇಲಿದ್ದಾಗ ರೇಡಿಯೊ ಮಲಗಿರುತ್ತದೆ. ಕೆಳಗೆ ಅಂಗಳದಲ್ಲಿ, ಚಹಾದ ಹೊತ್ತಿಗೆ, ಬೆತ್ತದ ಬುಟ್ಟಿಯ ಪಕ್ಕ ಇಟ್ಟ ಫೋನು ಎರಡೂ ನೋಡ್‌ಗಳನ್ನು ಕರೆದು ಬರೆದಿಟ್ಟದ್ದನ್ನು ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಕಟ್ಟಿಕೊಳ್ಳುವ ಮೊದಲು ಎರಡನ್ನೂ ಒಂದೇ ಅಡಿಕೆ ಹಾಳೆಯ ಮೇಲಿಟ್ಟು ಮೂರು ಸಲ ತಟ್ಟುವ ಕೆಲಸವನ್ನು ಈಗ ಕೊನೆ ಕೊಯ್ಯುವವರೇ ಮಾಡುತ್ತಾರೆ.